ಯಾವುದಕ್ಕೆ ಹಾಕಲಿ, ಅತ್ತೆ?

ಕಡ್ಡಿರಾಂಪುರದಲ್ಲಿ ಹಂಪಿ ರಸ್ತೆಗೆ ಮುಖ ಮಾಡಿದ ತಿಂಡಿ ಹೋಟೆಲೊಂದಿದೆ. ಅದರೊಳಗೆ ಈಗ ಕೈ ತೊಳೆಯುವ ತೊಟ್ಟಿ ಇರುವಲ್ಲಿಯೇ ಆ ಬೆಳಿಗ್ಗೆ ನಾನು ನಿಂತಿದ್ದೆ. ಆಗ ಅಲ್ಲಿ ನಮ್ಮ ಅಡುಗೆಮನೆಯ ಹೊಸ್ತಿಲಿತ್ತು. ಎರಡನೇ ತರಗತಿ ಮುಗಿದ ಬೇಸಿಗೆ ರಜೆ. ಬಿಸಿಲು ಇನ್ನೂ ಹಿತ್ತಲಿನ ಗೋಡೆ ದಾಟಿರಲಿಲ್ಲ. ನನ್ನ ಎಡಗೈ ಬಾಗಿಲಿನ ಚೌಕಟ್ಟಿನ ಮೇಲಿತ್ತು, ಬಲಗೈಯಲ್ಲಿ ಒಂದು ಹಿಡಿ ಒಣ ಮಂಡಾಳು, ಅಂದರೆ ಮಂಡಕ್ಕಿ. ಹೋದ ತಿಂಗಳು ಆ ಹೋಟೆಲಿನಲ್ಲಿ ಕೈ ತೊಳೆಯುತ್ತಿದ್ದಾಗ ಒಳಗಿನಿಂದ ಸಾಸಿವೆ ಸಿಡಿದು ಕರಿಬೇವು ಬಿದ್ದ ವಾಸನೆ ಬಂತು. ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟೆ. ಆ ವಾಸನೆಯನ್ನು ನಾನು ತಿಂಡಿಯ ವಾಸನೆ ಎಂದುಕೊಳ್ಳುವುದನ್ನು ಬಿಟ್ಟು ಬಹಳ ವರ್ಷವಾಗಿದೆ. ನನಗೆ ಅದು ಜಗಳದ ವಾಸನೆ.

ಮನೆ ನಮ್ಮ ಅಜ್ಜಿಯದು, ಅಪ್ಪನ ತಾಯಿಯದು. ಒಲೆಯೂ ಅವಳದೇ. ಯಾರು ಎಷ್ಟು ರೊಟ್ಟಿ ತಿನ್ನಬೇಕು, ಯಾರ ತಾಟಿಗೆ ಬೆಣ್ಣೆ, ಯಾರಿಗೆ ಬರೀ ಹಿಂಡಿ, ಅಂದರೆ ಚಟ್ನಿಪುಡಿ, ಎಂಬುದನ್ನು ಅವಳ ಕೈ ಹೇಳುತ್ತಿತ್ತು, ಬಾಯಿ ಹೇಳುತ್ತಿರಲಿಲ್ಲ. ತನ್ನ ಕಿರಿಯ ಮಗನಿಗೆ, ಅಂದರೆ ನನ್ನ ಚಿಕ್ಕಪ್ಪನಿಗೆ, ಕಂಪ್ಲಿಯಲ್ಲಿದ್ದ ತಮ್ಮನ ಮಗಳು ರತ್ನಕ್ಕನನ್ನು ತರಬೇಕೆಂದು ಅವಳು ಆಸೆ ಇಟ್ಟುಕೊಂಡಿದ್ದಳು. ಚಿಕ್ಕಪ್ಪ ಮಂಡ್ಯದ ಕಡೆ ಕೆಲಸಕ್ಕೆ ಹೋದವನು ಅಲ್ಲಿಯೇ ಗಿರಿಜಾ ಎಂಬುವರನ್ನು ಮದುವೆಯಾಗಿ ಕರೆತಂದ. ಅಜ್ಜಿ ಆರತಿ ಮಾಡಿದಳು, ಮನೆಯೊಳಗೆ ಕರೆದಳು, ಬಡಿಸಿದಳು. ಆದರೆ ಗಿರಿಜಾ ಚಿಕ್ಕಮ್ಮನ ತಾಟಿಗೆ ಬೆಣ್ಣೆ ಬೀಳಲಿಲ್ಲ.

ಅವರಿಬ್ಬರ ನಡುವೆ ಕನ್ನಡವೇ ಅಡ್ಡ ಬರುತ್ತಿತ್ತು. ನಾವು ಮಂಡಾಳು ಅನ್ನುವುದನ್ನು ಚಿಕ್ಕಮ್ಮ ಪುರಿ ಅನ್ನುತ್ತಿದ್ದರು. ಬಂದ ಮೂರನೆಯ ದಿನ ಪುರಿ ಬೇಕೆಂದು ಕೇಳಿದಾಗ ಅಜ್ಜಿ ಅದನ್ನು ಪೂರಿ ಎಂದುಕೊಂಡು, "ಬಂದು ಮೂರು ದಿನಾ ಆಗಿಲ್ಲ, ಕರದದ್ದು ಬೇಕಂತ ಇಕಿಗೆ!" ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ಇನ್ನೊಂದು ದಿನ ಹುರಿಗಡಲೆ ಪುಡಿ ಬೇಕಾಗಿತ್ತು. ಹುರಿಗಡಲೆ ನಮಗೆ ಪುಟಾಣಿ. "ಲೇ ಗಿರಿಜಿ, ಆ ಪುಟಾಣಿ ಕುಟ್ಟಿ ಪುಡಿ ಮಾಡು" ಎಂದಳು ಅಜ್ಜಿ. ಚಿಕ್ಕಮ್ಮ ಅಲ್ಲಿ ಕುಳಿತಿದ್ದ ನನ್ನನ್ನು ನೋಡಿದರು. "ಪಾಪ, ಈ ಕೂಸೇನ್ ಮಾಡ್ತು ಅತ್ತೆ?" ಎಂದರು. ನಮ್ಮವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಜ್ಜಿ ನಗಲಿಲ್ಲ. "ನಗಸ್ತಾಳ ನೋಡು, ಹೆಂಗ ನಗಸ್ತಾಳ" ಎಂದು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ತನ್ನ ಮಾತನ್ನು ಸೊಸೆ ಬೇಕೆಂದೇ ತಿರುಚುತ್ತಾಳೆ ಎಂದು ಅವಳು ಅಂದೇ ತೀರ್ಮಾನಿಸಿರಬೇಕು.

ಅದಾದ ಮೇಲೆ ಕಂಪ್ಲಿ ತಾತ, ಅಂದರೆ ಅಜ್ಜಿಯ ತಮ್ಮ, ಮಗಳು ರತ್ನಕ್ಕನನ್ನು ಕರೆದುಕೊಂಡು ಹೊಸ ಸೊಸೆಯನ್ನು ನೋಡಲು ಬಂದ. ತನ್ನ ಮಗಳು ಕೂರಬೇಕಾಗಿದ್ದ ಜಾಗದಲ್ಲಿ ಯಾರು ಕೂತಿದ್ದಾರೆ ಎಂದು ನೋಡಲು ಬಂದಿದ್ದ ಅಂದರೂ ತಪ್ಪಿಲ್ಲ. ತಾತ, ಅಪ್ಪ, ಚಿಕ್ಕಪ್ಪ ಪಡಸಾಲೆಯಲ್ಲಿ ಕೂತರು. ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಜ್ಜಿ ಮಿರ್ಚಿ ಬಜ್ಜಿಗೆ ಹಿಟ್ಟು ಕಲಸುತ್ತಾ ಚಿಕ್ಕಮ್ಮನಿಗೆ, "ಜಲ್ದಿ ಒಗ್ಗರಣಿ ಮಾಡು, ಮಂದಿ ಕುಂತಾರ" ಎಂದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮಗೆ ಒಗ್ಗರಣೆ ಅಂದರೆ ತಿಂಡಿ: ಮಂಡಾಳು ನೆನೆಸಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಹಾಕಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ತಾಟು ತುಂಬ ಕೊಡುವಂಥದ್ದು. ಚಿಕ್ಕಮ್ಮ ಅದನ್ನು ನಮ್ಮ ಮನೆಯಲ್ಲಿ ತಿಂದಿದ್ದರು. ಆದರೆ ಅವ್ವ ಯಾವಾಗಲೂ "ಮಂಡಾಳು ತಿನ್ನು ಬಾ" ಎಂದೇ ಕರೆಯುತ್ತಿದ್ದುದರಿಂದ ಅದರ ಹೆಸರು ಒಗ್ಗರಣೆ ಎಂದು ಅವರಿಗೆ ತಿಳಿಯಲಿಲ್ಲ. ಅವರ ಊರಿನಲ್ಲಿ ಒಗ್ಗರಣೆ ಅಂದರೆ ಸಾರಿಗೋ ಪಲ್ಯಕ್ಕೋ ಹಾಕುವ ಸೌಟಿನಷ್ಟು ಕಾದ ಎಣ್ಣೆ. ಚಿಕ್ಕಮ್ಮ ಕಬ್ಬಿಣದ ಸೌಟನ್ನು ಒಲೆಯ ಮೇಲೆ ಹಿಡಿದು, ಸಾಸಿವೆ ಸಿಡಿಸಿ, ಕರಿಬೇವು ಹಾಕಿದರು. ಅಷ್ಟರಲ್ಲಿ ಅಜ್ಜಿ ನೀರು ಕೊಡಲು ಪಡಸಾಲೆಗೆ ಹೋಗಿದ್ದಳು. ಚಿಕ್ಕಮ್ಮ ಸೌಟು ಹಿಡಿದುಕೊಂಡು ನನ್ನ ಪಕ್ಕದಲ್ಲೇ ಹೊಸ್ತಿಲ ತನಕ ಬಂದು, ಎಲ್ಲರೆದುರು ಕೇಳಿದರು: "ಯಾವ್ದುಕ್ಕೆ ಹಾಕ್ಲಿ, ಅತ್ತೆ?"

ಕಂಪ್ಲಿ ತಾತ ತೊಡೆ ಬಡಿದು ನಕ್ಕ. "ಏನಕ್ಕಾ, ನಿನ್ನ ಸೊಸಿ ನಮಗ ಕಾದೆಣ್ಣಿ ಕುಡಸ್ತಾಳೇನು? ಭಾಳ ಚಲೋ ಸೊಸಿ ತಂದಿ ಬಿಡು!"

ಅಜ್ಜಿಯ ಮುಖ ನನಗೆ ಇಂದಿಗೂ ಕಾಣುತ್ತದೆ. ಅವಳು ಬಂದು ಚಿಕ್ಕಮ್ಮನನ್ನು ಭುಜದಿಂದ ಒಳಗೆ ತಳ್ಳಿಕೊಂಡೇ ಹೋದಳು. ಒಳಗೆ ನೀರಿನ ಕೊಡದ ಹತ್ತಿರ ರತ್ನಕ್ಕ ತಂಬಿಗೆ ಹಿಡಿದು ನಿಂತಿದ್ದಳು. "ನನ್ನ ಮನ್ಯಾಗ ನನಗ ಹಾಸ್ಯ ಮಾಡ್ತಿ? ಕೊಡು ಇಲ್ಲಿ!" ಎಂದು ಅಜ್ಜಿ ಸೌಟಿನ ಹಿಡಿ ಎಳೆದಳು. ಚಿಕ್ಕಮ್ಮ, "ಬಿಸಿ ಅದೆ ಅತ್ತೆ, ಬಿಸಿ ಅದೆ" ಎನ್ನುತ್ತಾ ಬಿಡಲಿಲ್ಲ. ಅಜ್ಜಿ ಮತ್ತೆ ಎಳೆದಳು. ಸೌಟು ಅಜ್ಜಿಯ ಕಡೆಗೇ ವಾಲಿತು. ಎಣ್ಣೆ ಅವಳ ಎಡಗಾಲಿನ ಮೇಲೆ ಬಿತ್ತು. ಒಂದಿಷ್ಟು ಚಿಕ್ಕಮ್ಮನ ಮುಂಗೈ ಮೇಲೂ ಬಿತ್ತು. ಸೌಟು ಚಾಪೆಯ ಮೇಲೆ ಬಿದ್ದು ಚಾಪೆ ಹೊಗೆಯಾಡಿತು. ಚಿಕ್ಕಮ್ಮ ಬಗ್ಗಿ ಸೌಟು ಎತ್ತಿಕೊಂಡರು. ಗಂಡಸರು ಒಳಗೆ ಓಡಿ ಬಂದದ್ದು ಆಗ. ಅವರು ಕಂಡದ್ದು ಸುಟ್ಟ ಕಾಲು ಹಿಡಿದು ಕೂತ ಅಜ್ಜಿಯನ್ನು, ಸೌಟು ಹಿಡಿದು ನಿಂತ ಸೊಸೆಯನ್ನು.

"ಹಾಕ್ಲೇನು ಅಂತ ಕೇಳಿ ಹಾಕಿದ್ಳೋ!" ಎಂದು ಅಜ್ಜಿ ಕೂಗಿದಳು.

ಚಿಕ್ಕಪ್ಪ ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ?" ಎಂದ.

ಚಿಕ್ಕಮ್ಮನಿಗೆ ತಾನು ಬಾಗಿಲಲ್ಲಿ ಕೇಳಿದ ಮಾತಷ್ಟೇ ನೆನಪಿತ್ತು. ಸುಳ್ಳು ಹೇಳುವುದು ಅವರಿಗೆ ಹೊಳೆಯಲೂ ಇಲ್ಲ. "ಹೂಂ, ಕೇಳ್ದೆ" ಎಂದರು.

ಅಲ್ಲಿಗೆ ಮನೆ ಮುಗಿಯಿತು. ಅಜ್ಜಿನೇ ಎಳೆದಳು ಎಂದು ನಾನು ಅಪ್ಪನಿಗೆ ಹೇಳಿದೆ. ಹುಡುಗರಿಗೆ ಏನು ತಿಳಿಯುತ್ತದೆ ಎಂದು ನನ್ನನ್ನು ಹಿತ್ತಲಿಗೆ ಕಳಿಸಿದರು. "ಇಕಿ ಒಲಿ ಮುಟ್ಟಿದ್ರ ನಾ ಈ ಮನ್ಯಾಗ ನೀರು ಮುಟ್ಟಂಗಿಲ್ಲ" ಎಂದಳು ಅಜ್ಜಿ. ಚಿಕ್ಕಪ್ಪ ಪಕ್ಕದ ಕೋಣೆಗೆ ಸೀಮೆಎಣ್ಣೆ ಸ್ಟವ್ ತಂದಿಟ್ಟ. ಆಮೇಲೆ ಒಂದೇ ಸೂರಿನ ಕೆಳಗೆ ಎರಡು ವಾಸನೆ. ಆಚೆ ಕೋಣೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಈಚೆ ರೊಟ್ಟಿ. ಆಚೆಯ ಪಾತ್ರೆಯಿಂದ ಆವಿ ಎದ್ದ ಕೂಡಲೇ ಅಜ್ಜಿ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಗೋಡೆಯಾಚೆ ಚಿಕ್ಕಮ್ಮ ಕೆಮ್ಮುವುದನ್ನು ಕೇಳುತ್ತಾ ಇನ್ನೊಂದು ಹಿಡಿ ಹಾಕುತ್ತಿದ್ದಳು. ನಾನು ಆಟ ಮುಗಿಸಿ ಬಂದರೆ ನನ್ನ ಅಂಗೈ ಹಿಡಿದು ಮೂಸುತ್ತಿದ್ದಳು. ಬಸ್ಸಾರಿನ ಬೆಳ್ಳುಳ್ಳಿ ವಾಸನೆ ಹತ್ತಿದ್ದರೆ ಆ ದಿನ ಈಚೆ ನನಗೆ ಊಟವಿಲ್ಲ. ಬಂದವರಿಗೆಲ್ಲ ಮಂಡಾಳಿನ ತಾಟು ಕೊಟ್ಟು, ಸೀರೆಯ ಅಂಚು ಸರಿಸಿ ಕಾಲಿನ ಕಲೆ ತೋರಿಸುತ್ತಿದ್ದಳು. "ನಮ್ಮೂರಾಗ ಒಗ್ಗರಣಿ ಮಂಡಾಳಿಗೆ ಹಾಕ್ತಾರ್ರಿ. ಅವರೂರಾಗ ಅತ್ತಿ ಕಾಲಿಗೆ ಹಾಕ್ತಾರ." ಬಂದವರು ನಗುತ್ತಿದ್ದರು, ಇನ್ನೊಂದು ಮಿರ್ಚಿ ತೆಗೆದುಕೊಳ್ಳುತ್ತಿದ್ದರು. ಗೋಡೆಯಾಚೆ ಸ್ಟವ್‌ನ ಸದ್ದು ನಿಂತುಹೋಗುತ್ತಿತ್ತು.

ಮಳೆಗಾಲ ಬರುವ ಮೊದಲೇ ಚಿಕ್ಕಪ್ಪ ಗಣಿ ಲಾರಿಯ ಕೆಲಸ ಹಿಡಿದು ಹೆಂಡತಿಯೊಂದಿಗೆ ಸಂಡೂರಿಗೆ ಹೋದ. ಅಜ್ಜಿ ತೀರಿಕೊಂಡಾಗಲೂ ಚಿಕ್ಕಮ್ಮ ಈ ಹೊಸ್ತಿಲು ದಾಟಲಿಲ್ಲ. ದಾಟಬೇಡ ಎಂದು ನಮ್ಮವರೇ ಹೇಳಿ ಕಳಿಸಿದ್ದರು. ಮನೆ ಮಾರಾಟವಾಯಿತು, ಗೋಡೆ ಬಿತ್ತು, ಹೋಟೆಲು ಎದ್ದಿತು. ಆದರೆ ಆ ಮಾತು ಬೀಳಲಿಲ್ಲ. ಈಚೆಗೆ ಚಿಕ್ಕಮ್ಮನ ಮಗಳಿಗೆ ನಮ್ಮ ನೆಂಟರ ಕಡೆಯಿಂದ ಗಂಡು ನೋಡಲು ಹೋದಾಗ, "ಅತ್ತಿ ಕಾಲಿಗೆ ಎಣ್ಣಿ ಹಾಕಿದಾಕಿ ಮಗಳು ಬ್ಯಾಡ" ಎಂದರಂತೆ. ಅದಕ್ಕಾಗಿಯೇ ನಾನು ಇಷ್ಟನ್ನೂ ಕಂಡ ಹಾಗೆ ಬರೆದಿಡುತ್ತಿದ್ದೇನೆ.

ಹೋದ ತಿಂಗಳು ಆ ಹೋಟೆಲಿನಿಂದ ಹೊರಟು ಅಂದೇ ಕಂಪ್ಲಿಗೆ ಹೋಗಿ ರತ್ನಕ್ಕನನ್ನು ಕಂಡೆ. ಅವಳು ಮೊಮ್ಮಗನಿಗೆ ಮಂಡಾಳು ಕಲಸುತ್ತಿದ್ದಳು. ನೀನೂ ನೋಡಿದ್ದೆಯಲ್ಲ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಆ ಮನಿಗೆ ಸೊಸಿ ಆಗ್ತೀಯೇನು ಅಂತ ನನ್ನ ಯಾರೂ ಕೇಳಲಿಲ್ಲ. ಆಗಂಗಿಲ್ಲ ಅಂದಾಗೂ ಕೇಳಲಿಲ್ಲ. ಏನು ನೋಡಿದಿ ಅಂತ ಯಾರು ಕೇಳಿದ್ರವ್ವ?" ಎಂದಳು. ಕಲಸಿದ ತಾಟನ್ನು ಮೊಮ್ಮಗನ ಮುಂದೆ ಇಟ್ಟು, "ಎಳದಾಕಿ ನಮ್ಮತ್ತಿ. ಗಿರಿಜಾ ಬಿಸಿ ಅದೆ, ಬಿಸಿ ಅದೆ ಅಂತಿದ್ಲು" ಎಂದಳು.

ಅಜ್ಜಿ ಇಲ್ಲ, ಕಂಪ್ಲಿ ತಾತ ಇಲ್ಲ, ಆ ಒಲೆಯೂ ಇಲ್ಲ. ಅಡುಗೆಮನೆಯೊಳಗೆ ನಡೆದದ್ದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಮೂವರು: ಮುಂಗೈ ಕಲೆಯನ್ನು ಯಾರಿಗೂ ತೋರಿಸದೆ ಸಂಡೂರಿನಲ್ಲಿರುವ ಗಿರಿಜಾ ಚಿಕ್ಕಮ್ಮ, ಕಂಪ್ಲಿಯಲ್ಲಿ ರತ್ನಕ್ಕ, ಮತ್ತು ನಾನು.