ಮನೆಬಾಗಿಲಿಗೆ ಶಾಲೆಯ ಮಾತು ತಂದ ಬುರುಲ್ ಎಜೆ

ಪ್ರಾಥಮಿಕ ಶಿಕ್ಷಣದ ಕ್ಷೇತ್ರದಲ್ಲಿ ಪಾಠ ಹೇಳಿದವರನ್ನು ನಾವು ನೆನೆಯುತ್ತೇವೆ, ಪಠ್ಯ ಬರೆದವರಿಗೆ ಶಾಲು ಹೊದಿಸುತ್ತೇವೆ, ಕಟ್ಟಡ ಕಟ್ಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಆದರೆ ಶಾಲೆಯೊಳಗೆ ಏನು ನಡೆಯುತ್ತಿದೆ, ಯಾವ ನಿಯಮ ಬದಲಾಗಿದೆ, ಅದರಿಂದ ನಿಮ್ಮ ಮಗುವಿಗೆ ಏನಾಗುತ್ತದೆ ಎಂಬುದನ್ನು ಮನೆಮನೆಗೆ ಮುಟ್ಟಿಸುವ ಕೆಲಸವನ್ನು ಒಂದು ಕೆಲಸವೆಂದೇ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾರಿನ್ ಸೀಮೆಯ ನಮ್ಮ ಬೆಲ್-ಅರ್ಚಾ ಶಾಲೆಯಲ್ಲಿ ಈ ಕೆಲಸಕ್ಕೆ ಒಂದು ಘನತೆ ಬಂದಿದ್ದರೆ, ಅದು ಈ ವರ್ಷ ನಿವೃತ್ತರಾಗುತ್ತಿರುವ, ಕೆಳತರಗತಿಗಳ ಮೇಲ್ವಿಚಾರಕಿ ಬುರುಲ್ ಸದಿಕೋವಾ ಅವರಿಂದ. ಊರಿಗೆಲ್ಲ ಅವರು ಬುರುಲ್ ಎಜೆ, ಎಂದರೆ ಬುರುಲ್ ಅಕ್ಕ. ಅವರ ವಿದ್ಯಾರ್ಥಿನಿಯಾಗಿ, ಆಮೇಲೆ ಸಹೋದ್ಯೋಗಿಯಾಗಿ, ಅವರ ಕೈಯಲ್ಲಿ ಬೈಸಿಕೊಂಡವಳಾಗಿಯೂ ನಾನು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಪೋಷಕರ ಸಭೆಯೆಂದರೆ ಊರಿಗೆ ಊರೇ ತಲೆತಪ್ಪಿಸಿಕೊಳ್ಳುತ್ತಿತ್ತು. ಆಗಿನ ಪದ್ಧತಿಯೇ ಹಾಗಿತ್ತು. ತರಗತಿಯ ಶಿಕ್ಷಕಿ ಎದುರು ನಿಂತು ಒಂದೊಂದೇ ಮಗುವಿನ ಹೆಸರು ಕರೆಯುವುದು, ಅದರ ದಡ್ಡತನ, ತುಂಟತನ, ಕೊಳಕು ಉಗುರು, ಎಲ್ಲವನ್ನೂ ನೆರೆದವರ ಮುಂದೆ ಸಾರುವುದು. ಆ ಮಗುವಿನ ತಾಯಿ ಎದ್ದು ನಿಂತು ತಲೆತಗ್ಗಿಸುವುದು. ಮನೆಯಲ್ಲಿ ಅದಕ್ಕೆ ತಕ್ಕ ಏಟು ಬೀಳುವುದು ಬೇರೆ ಮಾತು. ಗಂಡಸರಂತೂ ಆ ದಿನ ತಪ್ಪದೆ ಕುದುರೆ ಹುಡುಕಲು ಹೊರಟುಬಿಡುತ್ತಿದ್ದರು. ನಮ್ಮೂರಿನಲ್ಲಿ ಅಷ್ಟು ಕುದುರೆಗಳು ಒಂದೇ ದಿನ ಕಳೆದುಹೋಗುತ್ತಿದ್ದದ್ದು ಸಭೆಯ ದಿನ ಮಾತ್ರ.

ಕೆಳತರಗತಿಗಳ ಹೊಣೆ ಬುರುಲ್ ಎಜೆಗೆ ಬಂದ ಮೊದಲ ಶರತ್ಕಾಲದ ಸಭೆಗೆ ನನ್ನ ಅಮ್ಮನ ಸೆರಗು ಹಿಡಿದು ನಾನೂ ಹೋಗಿದ್ದೆ. ಎಜೆ ಚಳಿಗಾಲದ ವೇಳಾಪಟ್ಟಿ ಹೇಳಿದರು, ಲಸಿಕೆಯ ವಿಷಯ ಹೇಳಿದರು, ಹಿಮ ಹೆಚ್ಚಾದರೆ ಮಕ್ಕಳನ್ನು ಯಾರು ಎಲ್ಲಿಂದ ಕರೆತರಬೇಕೆಂದು ಹೇಳಿದರು, ನಮಸ್ಕಾರ ಮಾಡಿ ಕೂತುಬಿಟ್ಟರು. ಜನ ಕದಲಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ತಂದೆ ಕೇಳಿಯೇಬಿಟ್ಟ.

"ಎಜೆ, ಬೈಗುಳ ಯಾವಾಗ?"

"ಇವತ್ತಿಲ್ಲ."

"ಹಂಗಾದ್ರೆ ನಾಳೆನೂ ಬರ್ಬೇಕಾ?"

"ನಿನ್ನ ಮಗನ ಬಗ್ಗೆ ಹೇಳೋದಿದ್ರೆ ನಿನ್ನ ಮನೆಗೇ ಬಂದು, ನಿನ್ನ ಚಹಾ ಕುಡ್ದು, ನಿನಗೆ ಮಾತ್ರ ಹೇಳ್ತೀನಿ. ಊರಿಗ್ಯಾಕೆ ಬೇಕು ಅದು?"

ಅಂದು ಮನೆಗೆ ಮರಳುವಾಗ ನನ್ನ ಅಮ್ಮ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ನಡೆದಳು. ಸಭೆ ಮುಗಿದ ಮೇಲೂ ಹಾಗೆ ಕೈ ಹಿಡಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಹೇಳಿದಂತೆಯೇ ಎಜೆ ಮನೆಮನೆಗೆ ಹೋದರು. ಶುಭಸುದ್ದಿ ತಂದವರು ದೂರದಿಂದಲೇ "ಸುಯುಂಚು!" ಎಂದು ಕೂಗಬೇಕು, ಕೇಳಿದವರು ಬಂದವರ ಕೈಗೆ ಏನಾದರೂ ಉಡುಗೊರೆ ಹಾಕಬೇಕು ಎಂಬುದು ನಮ್ಮವರ ರೂಢಿ. ಮಗ ಹುಟ್ಟಿದರೆ, ಸೈನ್ಯದಿಂದ ಅಣ್ಣ ಮರಳಿದರೆ ಕೂಗುವ ಈ ಕೂಗನ್ನು ಎಜೆ ಶಾಲೆಯ ಕೆಲಸಕ್ಕೆ ತಂದರು. ಬೇಲಿಯಾಚೆಯಿಂದಲೇ "ಸುಯುಂಚು! ನಿಮ್ಮ ಹುಡುಗ ಇವತ್ತು ತಾನಾಗಿಯೇ ಓದಿದ!" ಎನ್ನುವರು. ತಾಯಿ ಅಂಗೈತುಂಬ ಬೊರ್ಸೋಕ್ ಎಂಬ ಕರಿದ ಹಿಟ್ಟಿನ ತುಣುಕುಗಳನ್ನು ತಂದು ಸುರಿಯುವಳು. ಅದನ್ನು ಮೆಲ್ಲುತ್ತ, ನಿಧಾನವಾಗಿ, ಹೊಸ ನಿಯಮಗಳ ಮಾತು ತೆಗೆಯುವರು. ಮೇಲಿನಿಂದ ಬರುವ ಸುತ್ತೋಲೆಗಳ ಭಾಷೆ ಬರೆದವರಿಗೂ ಅರ್ಥವಾಗಿರುತ್ತದೆ ಎಂಬ ನಂಬಿಕೆ ನನಗಿಲ್ಲ. ಎಜೆ ಅದನ್ನು ಒಲೆಯ ಮುಂದೆ ಕೂತ ಮುದುಕಿಗೂ ತಿಳಿಯುವಂತೆ ಬಿಡಿಸಿ ಹೇಳುತ್ತಿದ್ದರು. ಒಳ್ಳೆಯದನ್ನು ಮೊದಲು ಕೇಳಿದ ಕಿವಿ ಉಳಿದದ್ದನ್ನೂ ಕೇಳುತ್ತದೆ ಎಂಬುದು ಅವರ ಅನುಭವವಾಗಿತ್ತು. ಸಂಜೆ ಶಾಲೆಗೆ ಮರಳುವಾಗ ಅವರ ಜೇಬುಗಳು ಬೊರ್ಸೋಕಿನಿಂದ ಉಬ್ಬಿರುತ್ತಿದ್ದವು, ಮಕ್ಕಳಾದ ನಮ್ಮ ಕೈಗಳು ಆ ಜೇಬುಗಳ ಮೇಲಿರುತ್ತಿದ್ದವು.

ನಾನು ಓದು ಮುಗಿಸಿ ಅದೇ ಶಾಲೆಗೆ ಶಿಕ್ಷಕಿಯಾಗಿ ಬಂದ ಮೇಲೆ ನಡೆದ ಒಂದು ಘಟನೆಯನ್ನು ಇಲ್ಲಿ ವಿಸ್ತಾರವಾಗಿ ಹೇಳದಿದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. ಆ ವರ್ಷ ಎರ್ಮೆಕ್ ಅಗಾಯ್, ಎಂದರೆ ಎರ್ಮೆಕ್ ಮೇಷ್ಟ್ರು, ಹೊಸ ಮುಖ್ಯೋಪಾಧ್ಯಾಯರಾಗಿ ಬಂದರು. ಒಳ್ಳೆಯವರು, ಆದರೆ ಘನತೆಯೆಂದರೆ ಟೈ ಎಂದು ತಿಳಿದವರು. ಅದೇ ಬೇಸಿಗೆಯ ಆರಂಭದಲ್ಲಿ ಮೇಲಿನಿಂದ ಒಂದು ನಿರ್ಧಾರ ಬಂತು. ನಮ್ಮ ಶಾಲೆಯ ಕೆಳತರಗತಿಗಳನ್ನು ಮುಚ್ಚಿ, ಮಕ್ಕಳನ್ನು ಕಣಿವೆಯಾಚೆಯ ದೊಡ್ಡ ಶಾಲೆಯ ವಸತಿಗೆ ಸೇರಿಸುವುದು. ಪೋಷಕರ ಒಪ್ಪಿಗೆ ಕೇಳಲು ಅಧಿಕಾರಿಯೊಬ್ಬರು ಸಭೆಗೆ ಬರುವುದು. ಯಾರೂ ಬಾರದಿದ್ದರೆ ಎಲ್ಲರೂ ಒಪ್ಪಿದರೆಂದು ತಿಳಿಯುವುದು. ಸಭೆ ನಾಳೆಯೇ ಎಂಬ ಸುದ್ದಿ ನಮಗೆ ಮುಟ್ಟಿದ ದಿನ ಊರಿನ ಬಹುಪಾಲು ಮನೆಗಳಿಗೆ ಬೀಗ. ಜನರೆಲ್ಲ ದನಕುದುರೆ ಹೊಡೆದುಕೊಂಡು ಮೇಲಿನ ಬೇಸಿಗೆ ಹುಲ್ಲುಗಾವಲು, ಜೈಲೂವಿಗೆ ಹೋಗಿಬಿಟ್ಟಿದ್ದರು. ಅಲ್ಲಿ ಫೋನೂ ಸಿಗದು. ಏಳು ತುಂಬದ ಮಕ್ಕಳು ಮನೆ ಬಿಟ್ಟು, ಹಿಮ ಮುಚ್ಚಿದ ಕಣಿವೆಯಾಚೆ ಚಳಿಗಾಲ ಕಳೆಯಬೇಕೋ ಬೇಡವೋ ಎಂಬುದು ಆ ಜನಕ್ಕೆ ಸುದ್ದಿ ಮುಟ್ಟುವುದರ ಮೇಲೆ ನಿಂತಿತ್ತು.

ಎಜೆ ಕೂಡಲೇ ಹೊರಟರು. ಅಗಾಯ್ ತಡೆದರು.

"ಎಜೆ, ಇದು ಸರ್ಕಾರದ ವಿಷ್ಯ. ನೀವು ಹೋಗಿ ಸುಯುಂಚು ಸುಯುಂಚು ಅಂತ ಕಿರಿಚಿದ್ರೆ ಶಾಲೆ ಮರ್ಯಾದೆ ಏನಾಗ್ಬೇಕು? ಹಿರಿಯರನ್ನ ಕಳಿಸ್ತೀನಿ. ಗಂಭೀರವಾಗಿ ಹೋಗಿ ಗಂಭೀರವಾಗಿ ಹೇಳ್ಲಿ."

ಎಜೆ ಮುಖ್ಯೋಪಾಧ್ಯಾಯರ ಮಾತು ಮೀರಲಿಲ್ಲ. ಆದರೂ ಮನಸ್ಸು ತಡೆಯದೆ, ಸ್ವಲ್ಪ ಹೊತ್ತಿನ ಮೇಲೆ ನನ್ನನ್ನೂ ಕರೆದುಕೊಂಡು ಕುದುರೆಯ ಮೇಲೆ ಆ ಹಿರಿಯರ ಹಿಂದೆಯೇ ಹೊರಟರು.

ಮುಂದೆ ಹೋದ ಬಿಳಿಗಡ್ಡದ ಮೂವರು ಹಿರಿಯರಿಗೆ ಮುಂದಾಳು ಮೊಲ್ದೋಶ್ ಅಜ್ಜ. ಅಗಾಯ್ ಹೇಳಿದಂತೆ ಅವರು ಹಬ್ಬದ ಉದ್ದನಿಲುವಂಗಿ ತೊಟ್ಟು, ಬಿಳಿ ಉಣ್ಣೆಟೋಪಿ ಧರಿಸಿ, ಮಾತಿಲ್ಲದೆ ಸಾಲಾಗಿ ಸಾಗಿದರು. ಜೈಲೂವಿನ ಮೊದಲ ಗುಡಾರ ಉಲ್ಕನ್ ಅಜ್ಜಿಯದು. ಅಜ್ಜಿಯ ಮಗ ಕುಬಾತ್ ಹೆಂಡತಿಯೊಂದಿಗೆ ಮಾಸ್ಕೋದಲ್ಲಿ ಕಟ್ಟಡ ಕೆಲಸಕ್ಕಿದ್ದ. ಮೊಮ್ಮಗಳು ಬೆಗಾಯಿಮ್, ಬರುವ ಸೆಪ್ಟೆಂಬರಿಗೆ ಒಂದನೇ ತರಗತಿ ಸೇರಬೇಕಾದವಳು, ಅಜ್ಜಿಯ ಬಳಿ ಬೆಳೆಯುತ್ತಿದ್ದಳು. ಹಿರಿಯರು ಮರ್ಯಾದೆಗೆಂದು ಗುಡಾರದಿಂದ ಅಷ್ಟು ದೂರದಲ್ಲೇ ಕುದುರೆಯಿಂದಿಳಿದು, ಅಕ್ಕಪಕ್ಕ ಹೆಜ್ಜೆಯಿಡುತ್ತ ಬಂದರು.

ನಮ್ಮ ಸೀಮೆಯಲ್ಲಿ ಹಿರಿಯರು ಹಾಗೆ ಬರುವುದು ಒಂದೇ ಕಾರಣಕ್ಕೆ. ದೂರದಲ್ಲಿ ಸತ್ತವರ ಸುದ್ದಿ ಮುಟ್ಟಿಸುವುದಕ್ಕೆ.

ಅಜ್ಜಿಯ ಕೈಯಿಂದ ಹಾಲಿನ ಬಕೀಟು ಬಿತ್ತು. ಮೊಲ್ದೋಶ್ ಅಜ್ಜ ಬಾಯಿ ತೆರೆಯುವ ಮುನ್ನವೇ ಆಕೆ ನೆಲಕ್ಕೆ ಕುಸಿದು, ಎದೆಬಡಿದುಕೊಂಡು, ಮಗನ ಹೆಸರು ಹಿಡಿದು ಶೋಕಗೀತೆ ತೆಗೆದಳು. ಅದನ್ನು ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಬರಬೇಕೆಂಬುದೂ ನಮ್ಮ ಕಟ್ಟಳೆ. ಗುಡ್ಡದ ಮೇಲಿನಿಂದ, ಹೊಳೆಯಾಚೆಯಿಂದ, ಗಂಡಸರು ಕುದುರೆಗಳ ಮೇಲೆ "ಅಯ್ಯೋ ತಮ್ಮಾ, ಅಯ್ಯೋ ನನ್ನ ತಮ್ಮಾ" ಎಂದು ಕೂಗುತ್ತ ನುಗ್ಗಿ ಬಂದರು. ಹೆಂಗಸರು ಓಡಿ ಬಂದರು. ನಾವು ತಲುಪುವ ಹೊತ್ತಿಗೆ ಇಡೀ ಜೈಲೂ ಆ ಗುಡಾರದ ಮುಂದೆ ಅಳುತ್ತಿತ್ತು. ಮೊಲ್ದೋಶ್ ಅಜ್ಜ ನಡುವೆ ನಿಂತು "ಶಾಲೆ! ಶಾಲೆ ವಿಷ್ಯ ಕಣ್ರಪ್ಪಾ!" ಎಂದು ಬಡಬಡಿಸುತ್ತಿದ್ದರು. ಯಾರ ಕಿವಿಗೂ ಬೀಳಲಿಲ್ಲ.

ಎಜೆ ಕುದುರೆಯಿಂದ ಜಿಗಿದು ಅಜ್ಜಿಯನ್ನು ತಬ್ಬಿಕೊಂಡರು. "ಕುಬಾತ್‌ಗೆ ಏನೂ ಆಗಿಲ್ಲ ಅಮ್ಮಾ. ಬದುಕಿದ್ದಾನೆ. ಇವ್ರು ಬಂದಿದ್ದು ಶಾಲೆ ಮಾತಿಗೆ" ಎಂದು ಮತ್ತೆ ಮತ್ತೆ ಹೇಳಿದರು. ಅಳು ನಿಂತಿತು, ಕೋಪ ಶುರುವಾಯಿತು. "ಶಾಲೆ ಮಾತು ಹೇಳೋಕೆ ಮುದುಕಿ ಜೀವ ತೆಗೀಬೇಕಾ?" ಎಂದು ಒಬ್ಬ. "ನಿಮ್ಮ ಸಭೆನೂ ಬೇಡ, ನೀವೂ ಬೇಡ" ಎಂದು ಇನ್ನೊಬ್ಬ. ಅಜ್ಜಿ ಮಾತ್ರ ಎಜೆಯ ಮುಖವನ್ನೇ ನೋಡುತ್ತಿದ್ದಳು.

"ಸುಳ್ಳು ಹೇಳ್ತಿದ್ದೀಯ ಬುರುಲ್. ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

ಮೊಲ್ದೋಶ್ ಅಜ್ಜ ಎಜೆಯ ಕಿವಿಯಲ್ಲಿ ಪಿಸುಗುಟ್ಟಿದರು. "ಇಷ್ಟು ಜನ ಮತ್ತೆಲ್ಲಿ ಸಿಗ್ತಾರಮ್ಮಾ? ಕುದುರೆ ಹಾಲು ಕರೆಯೋ ಹೊತ್ತಾಯ್ತು, ಈಗ ಚದುರಿಬಿಡ್ತಾರೆ. ಸಭೆ ನಾಳೆನೇ. ಬೇಗ ಹೇಳ್ಬಿಡು."

ಅವರ ಮಾತು ನಿಜವಾಗಿತ್ತು. ನಾನಾಗಿದ್ದರೆ ಅಲ್ಲೇ ಒಂದು ಕಲ್ಲು ಹತ್ತಿ ಭಾಷಣ ಶುರುಮಾಡುತ್ತಿದ್ದೆ. ಎಜೆ ಹೇಳಿದ್ದು ಇಷ್ಟು: "ಮೊದ್ಲು ಈ ತಾಯಿ ಮಗನ ದನಿ ಕೇಳ್ಲಿ ಅಜ್ಜ. ಆಮೇಲೆ ಯಾರಿರ್ತಾರೋ ಅವ್ರಿಗೆ ಹೇಳೋಣ." ಅಜ್ಜಿಯನ್ನು ತಮ್ಮ ಕುದುರೆಯ ಮೇಲೆ ಹಿಂದೆ ಕೂರಿಸಿಕೊಂಡು, ಫೋನಿನ ಸಂಕೇತ ಸಿಗುವ ಎತ್ತರದ ದಿಣ್ಣೆಗೆ ಹೊರಟೇಬಿಟ್ಟರು. ಬೆಗಾಯಿಮಳನ್ನು ಎತ್ತಿಕೊಂಡು ನಾನೂ ಹಿಂಬಾಲಿಸಿದೆ.

ಮೇಲೆ ಗಾಳಿ ಜೋರಾಗಿತ್ತು. ಕುಬಾತ್ ತಕ್ಷಣ ಎತ್ತಲಿಲ್ಲ. ಎಜೆ ಮತ್ತೆ ಒತ್ತಿದರು. ಕಡೆಗೆ ಎತ್ತಿದ.

"ಏನಮ್ಮಾ, ಕೆಲಸದ ಹೊತ್ತಲ್ಲಿ?"

ಅಜ್ಜಿ ಕಣಿವೆಯೆಲ್ಲ ಕೇಳುವಂತೆ ಬೈದಳು. "ಬದುಕಿದ್ದೀಯೇನೋ ದರಿದ್ರದವನೇ! ಇಷ್ಟೊತ್ತು ಫೋನ್ ಎತ್ತೋಕೇನು ರೋಗ? ಊಟ ಮಾಡ್ದಾ?"

ದಿಣ್ಣೆಯಿಂದಿಳಿಯುವಾಗ ಗುಡಾರದ ಮುಂದೆ ಯಾರೂ ಉಳಿದಿರಲಾರರೆಂದು ನಾನು ಅಂದುಕೊಂಡಿದ್ದೆ. ಎಲ್ಲರೂ ಇದ್ದರು. ಕುದುರೆಗಳ ಹಾಲು ಕರೆಯುವ ಹೊತ್ತು ಮೀರಿತ್ತು, ಮರಿಗಳು ಕಿರಿಚುತ್ತಿದ್ದವು, ಆದರೂ ಆ ತಾಯಿ ಏನು ಕೇಳಿ ಬಂದಳೆಂದು ತಿಳಿಯದೆ ಒಬ್ಬರೂ ಹೋಗಿರಲಿಲ್ಲ.

ಎಜೆ ಮೊದಲು ಶಾಲೆಯ ಪರವಾಗಿ ತಲೆಬಾಗಿ ಕ್ಷಮೆ ಕೇಳಿದರು. ಆಮೇಲೆ ಮುಚ್ಚುಮರೆಯಿಲ್ಲದೆ ವಿಷಯ ಹೇಳಿದರು. ದನ ಬಿಟ್ಟು ಹೇಗೆ ಬರುವುದು, ಇಳಿದು ಹತ್ತಲು ದಿನವೇ ಹೋಗುತ್ತದೆ, ಅಧಿಕಾರಿ ನಮ್ಮ ಮಾತೆಲ್ಲಿ ಕೇಳುತ್ತಾನೆ ಎಂಬ ಗೊಣಗಾಟ ಎದ್ದಿತು. ಆಗ ಉಲ್ಕನ್ ಅಜ್ಜಿ, ಇನ್ನೂ ಕೆಂಪಗಿದ್ದ ಕಣ್ಣುಗಳಲ್ಲಿ, ಮೊಮ್ಮಗಳನ್ನು ಮುಂದಕ್ಕೆ ತಂದು ನಿಲ್ಲಿಸಿದಳು.

"ನನ್ನ ಮಗ ಸತ್ತ ಅಂತ ಎಲ್ಲಾ ಬಿಟ್ಟು ಓಡಿ ಬಂದ್ರಿ. ಈ ಮಗು ಬದುಕಿದೆ. ಇದಕ್ಕೆ ಬರೋಕಾಗಲ್ವಾ?"

ಮರುದಿನ ಶಾಲೆಯ ಬೇಲಿಯುದ್ದಕ್ಕೂ ಕುದುರೆ ಕಟ್ಟಲು ಜಾಗ ಸಾಲಲಿಲ್ಲ. ಖಾಲಿ ಕೋಣೆಯನ್ನು ನಿರೀಕ್ಷಿಸಿ ಬಂದಿದ್ದ ಅಧಿಕಾರಿ ಅಂಗಳದಲ್ಲೇ ನಿಂತು ಮಾತಾಡಬೇಕಾಯಿತು, ಮಾತಾಡಿದ್ದಕ್ಕಿಂತ ಹೆಚ್ಚು ಕೇಳಬೇಕಾಯಿತು. ಕೆಳತರಗತಿಗಳು ನಮ್ಮೂರಿನಲ್ಲೇ ಉಳಿದವು. ಸೆಪ್ಟೆಂಬರಿನಲ್ಲಿ ಶಾಲೆಯ ಮೊದಲ ಗಂಟೆ ಬಾರಿಸಿದ ದಿನ ಬೆಗಾಯಿಮ್ ಅಜ್ಜಿಯ ಕೈ ಹಿಡಿದು, ತಲೆಗಿಂತ ದೊಡ್ಡ ಬಿಳಿ ರಿಬ್ಬನ್ ಕಟ್ಟಿಕೊಂಡು ಬಂದಳು. ಎರ್ಮೆಕ್ ಅಗಾಯ್ ದೊಡ್ಡ ಮನಸ್ಸಿನವರು. ಮುಂದಿನ ವಾರವೇ ಎಜೆಯ ಜೊತೆ ಮನೆಭೇಟಿಗೆ ಹೊರಟರು. ಟೈ ಮಾತ್ರ ಬಿಚ್ಚಲಿಲ್ಲ.

ಈಗ ಕಾಲ ಬದಲಾಗಿದೆ. ಪ್ರತಿ ತರಗತಿಗೂ ಫೋನಿನಲ್ಲಿ ಪೋಷಕರ ಗುಂಪಿದೆ. ಊರಿನ ಅರ್ಧ ತಂದೆತಾಯಂದಿರು ಪರದೇಶದಲ್ಲಿದ್ದು, ಮಕ್ಕಳು ಅಜ್ಜಿಯರ ಬಳಿಯಿದ್ದಾರೆ. ನಾವು ಹೊಸಬರು ಉದ್ದುದ್ದ ನಿಯಮಗಳನ್ನು ಬರೆದು ಕಳಿಸಿ ಕೈತೊಳೆದುಕೊಂಡರೆ, ಎಜೆ ತಮ್ಮ ದನಿಯಲ್ಲೇ ಹೇಳಿ ಕಳಿಸುತ್ತಾರೆ. ಅದು ಯಾವಾಗಲೂ ಹೀಗೆ ಶುರುವಾಗುತ್ತದೆ: "ಮಕ್ಕಳೆಲ್ಲಾ ಚೆನ್ನಾಗಿದ್ದಾರೆ. ಗಾಬ್ರಿ ಬೇಡ. ಈಗ ಕೇಳಿ." ಕಜಾನ್ ನಗರದ ಕಟ್ಟಡದ ಮೇಲೆ, ಮಾಸ್ಕೋದ ಅಡುಗೆಮನೆಯಲ್ಲಿ, ಎಷ್ಟೋ ತಾಯಂದಿರು ಆ ಮೊದಲ ಮಾತನ್ನು ಕೇಳಿ ಉಸಿರು ಬಿಟ್ಟಿದ್ದೇವೆಂದು ನನಗೇ ಹೇಳಿದ್ದಾರೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ನಮ್ಮ ವೃತ್ತಿಯಲ್ಲಿಲ್ಲ ಎಂದು ನಾನು ನಂಬಿದ್ದೇನೆ.

ಈ ಮೇ ತಿಂಗಳಲ್ಲಿ, ತಮ್ಮ ನಿವೃತ್ತಿಯ ವಿಷಯವನ್ನು ಯಾರಿಗೂ ತಿಳಿಸಕೂಡದೆಂದು ಎಜೆ ನಮ್ಮೆಲ್ಲರಿಂದ ಮಾತು ತೆಗೆದುಕೊಂಡರು. ಜನ ಜೈಲೂವಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ, ತೊಂದರೆ ಬೇಡವೆಂದರು. ನಾವು ಮಾತು ಉಳಿಸಿಕೊಂಡೆವು. ಕೊನೆಯ ದಿನ ಸಂಜೆ ಎಜೆ ಕೋಣೆಗೆ ಬೀಗ ಹಾಕಿ ಹೊರಬಂದರೆ ಅಂಗಳದ ತುಂಬ ಜನ. ಎಜೆ ನಮ್ಮತ್ತ ತಿರುಗಿ ದುರುಗುಟ್ಟಿದರು. ನಾವು ದೇವರಾಣೆ ಹಾಕಿದೆವು.

"ನಿಮಗೆ ಯಾರು ಹೇಳಿದ್ರು?" ಎಂದು ಜನರನ್ನೇ ಕೇಳಿದರು.

ಮುಂದಿದ್ದ ತಾಯಿಯೊಬ್ಬಳು ನಕ್ಕಳು. "ಯಾರೂ ಹೇಳ್ಲಿಲ್ಲ ಎಜೆ. ಹುಡುಗ್ರು ಸೀನಿದ್ರೂ ಹೇಳೋರು ನೀವು. ಒಂದು ವಾರದಿಂದ ನಿಮ್ಮ ದನಿನೇ ಇಲ್ಲ. ಏನೋ ಆಗಿದೆ ಅಂತ ನಾವೇ ಕೇಳ್ಕೊಂಡು ಬಂದ್ವಿ."

ಇಷ್ಟು ವರ್ಷ ಊರಿಗೆಲ್ಲ ಹೇಳುತ್ತಲೇ ಬಂದ ಬುರುಲ್ ಎಜೆ ಅಂದು ಹಾಕಿದ ಬೀಗವನ್ನೇ ಮತ್ತೆ ತೆಗೆದು ಎಲ್ಲರನ್ನೂ ಒಳಗೆ ಕರೆದರು.

ಪಕ್ಕದ ಕಣಿವೆಯ ಶಿಶುವಿಹಾರದವರು ತಮ್ಮ ಕಿರಿಯ ಶಿಕ್ಷಕಿಯರಿಗೆ ಮನೆಭೇಟಿಯ ಪಾಠ ಹೇಳಿಕೊಡಿರೆಂದು ಅವರನ್ನು ಆಗಲೇ ಕರೆದಿದ್ದಾರೆಂದು ಕೇಳಿದ್ದೇನೆ. ಅವರ ಮಂಡಿ ಗಟ್ಟಿಯಾಗಿರಲಿ, ಕುದುರೆ ಸಾಧುವಾಗಿರಲಿ, ಆಯುಸ್ಸು ದೀರ್ಘವಾಗಿರಲಿ. ಎಜೆ, ನಮಗೂ ಆಗಾಗ ಸುದ್ದಿ ಕಳಿಸುತ್ತಿರಿ. ತಡವಾದರೆ ನಾವೇ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬರುತ್ತೇವೆ.