ಹತ್ತು ನಿಮಿಷದ ಕಿವಿ

ಪೀಣ್ಯದಲ್ಲಿ ಹಳೇ ಲೇತ್ ಯಂತ್ರ ಕೊಂಡು ಮಾರುವ ನನಗೆ ಕಿವಿಯೇ ಬಂಡವಾಳ. ಯಂತ್ರ ತಿರುಗಿಸಿ ಸದ್ದು ಕೇಳಿದರೆ ಸಾಕು, ಒಳಗೆ ಏನು ಸವೆದಿದೆ ಎಂದು ಹೇಳಿಬಿಡುತ್ತಿದ್ದೆ. ಭಾರ ಎತ್ತುವ ಚೈನಿನ ಕೊಕ್ಕೆ ತಲೆಗೆ ಬಡಿದು ಐದು ವಾರವಾಗಿತ್ತು. ಗಾಯ ಮಾಯ್ದಿತ್ತು, ತಲೆ ಮಾತ್ರ ಬೇಗ ಸೋಲುತ್ತಿತ್ತು. ಎರಡು ಫೋನ್ ಮಾತಾಡಿದರೆ ಯೋಚನೆಯೆಲ್ಲ ಮಂಜು. ಮಿಕ್ಸಿ ಸದ್ದಿಗೇ ಹೋಗಿ ಮಲಗಿಬಿಡುತ್ತಿದ್ದೆ. ಈ ಕಸುಬು ಇನ್ನು ನನ್ನದಲ್ಲವೇನೋ ಎಂಬ ಭಯ.

ಡಾಕ್ಟರ ಹತ್ತಿರವೂ ಚೌಕಾಸಿ ಮಾಡಿದೆ. ಒಂದು ಗಂಟೆ ಕೆಲಸ ಕೇಳಿದೆ, ಹತ್ತು ನಿಮಿಷ ಎಂದರು. ಇಪ್ಪತ್ತಕ್ಕೆ ಇಳಿದೆ, ಆಯಮ್ಮ ಕದಲಲಿಲ್ಲ.

“ಸುಸ್ತಾದ್ಮೇಲೆ ನಿಲ್ಲಿಸೋದಲ್ಲ, ಸುಸ್ತಾಗೋ ಮುಂಚೆ ನಿಲ್ಲಿಸ್ಬೇಕು.”

ತಲೆಗೆ ಪೆಟ್ಟಾದವರಿಗೆಲ್ಲ ನಾನೀಗ ಇದನ್ನೇ ಹೇಳುತ್ತೇನೆ. ಇನ್ನೊಂದು ನನ್ನ ಕಡೆಯಿಂದ: ಇರುವುದು ಹತ್ತೇ ನಿಮಿಷವಾದರೆ ಹೊತ್ತನ್ನು ನೀವೇ ಆರಿಸಿಕೊಳ್ಳಿ. ಶೆಡ್ ಮಾಲೀಕರೊಬ್ಬರು ಲೇತ್ ಮಾರುತ್ತಾರೆಂದು ತಿಳಿದಾಗ ನಾನು ಹೋದದ್ದು ಊಟದ ಬೆಲ್ ಹೊಡೆದ ಮೇಲೆ. ಮಿಕ್ಕ ಯಂತ್ರಗಳೆಲ್ಲ ಆಗ ನಿಂತಿರುತ್ತವೆ. ಹೆಂಡತಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಜೊತೆಗೇ ಬಂದಳು.

ಸ್ಟೂಲಿನ ಮೇಲೆ ಕೂತು ಲೇತ್ ಆನ್ ಮಾಡಿಸಿದೆ. ಬರೀ ಗದ್ದಲ. ಕಣ್ಣು ಮುಚ್ಚಿ, ವೇಗ ಏರಿಸಲು ಕೈಸನ್ನೆ ಮಾಡಿದೆ. ಮೂರನೇ ವೇಗದಲ್ಲಿ, ಗೇರುಗಳ ಸದ್ದಿನ ಅಡಿಯಲ್ಲಿ, ತೆಳ್ಳಗೆ ಒಂದು ಕೊರೆತ. ಸಿಕ್ಕಿಬಿಟ್ಟಿತು! ಮೈಯೆಲ್ಲ ಜುಂ ಎಂದಿತು.

“ಮುಂದಿನ ಬೇರಿಂಗ್ ಹೋಗಿದೆ ಸಾರ್.”

ಮಾಲೀಕರು ತಮ್ಮ ಫಿಟ್ಟರನ ಮುಖ ನೋಡಿದರು. ಆತ ನೆಲ ನೋಡಿದ.

ಅಷ್ಟರಲ್ಲಿ ಅಲಾರಂ. ಇನ್ನೂ ಸುಸ್ತಾಗಿರಲಿಲ್ಲ, ದರ ಮುರಿಯುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅಂಥ ಗಳಿಗೆಯಲ್ಲಿ ನಾನು ಹಿಂದೆಂದೂ ಎದ್ದದ್ದೇ ಇಲ್ಲ. ಹೆಂಡತಿ ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯತ್ತ ಕೈ ತೋರಿಸಿದಳು. ಎದ್ದೆ.

ಮಾಲೀಕರು ಗೇಟಿನವರೆಗೂ ಹಿಂದೆಯೇ ಬಂದರು.

“ಎದ್ದು ಹೋಗೋ ಆಟ ನನ್ ಹತ್ರ ಬೇಡ ಕಣ್ರೀ. ಕಮ್ಮಿ ಮಾಡ್ತೀನಿ, ಬನ್ನಿ.”

“ಆಟ ಅಲ್ಲ ಸಾರ್, ತಲೆಗೆ ರೆಸ್ಟ್ ಬೇಕು.”

“ಸರಿ ಬಿಡಿ, ಬೇರಿಂಗೂ ನಾನೇ ಹಾಕಿಸ್ಕೊಡ್ತೀನಿ.”

ನಾಳೆ ಇದೇ ಹೊತ್ತಿಗೆ ಬರುತ್ತೇನೆಂದು ಹೇಳಿ ಆಟೊ ಹತ್ತಿದೆ. ಹೆಂಡತಿಗೆ ನಗು ತಡೆಯಲಾಗಲಿಲ್ಲ.

“ಇಷ್ಟು ವರ್ಷ ಚೌಕಾಸಿ ಮಾಡಿ ಬಾಯಿ ನೋಯಿಸ್ಕೊಂಡಿದ್ದೆಲ್ಲ ದಂಡ ಆಯ್ತಲ್ರೀ.”

ಕಣ್ಣು ಮುಚ್ಚಿ ಒರಗಿಕೊಂಡೆ. ಆ ತೆಳ್ಳನೆಯ ಕೊರೆತ ಕಿವಿಯಲ್ಲಿ ಇನ್ನೂ ಹಾಗೇ ಇತ್ತು.