ಬೋರ್ಡಿನ ಮೇಲಿನ ಹೆಸರು

ರುಕ್ಮಿಣಿ ಆಂಟಿಗೆ ಈಗ ಕೇಕ್ ಎಂಬ ಶಬ್ದ ಕೇಳಿದರೇ ಮೈ ಉರಿಯುತ್ತದೆ. ಪರ್ತ್‌ನ ವಿಲೆಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು, ಮೊಮ್ಮಕ್ಕಳನ್ನು ಆಡಿಸಿಕೊಂಡು ಹಾಯಾಗಿರಬಹುದಿತ್ತು. ಅದು ಬಿಟ್ಟು ಮೈಸೂರಿನ ಒಂದು ಕೊಳೆಗೇರಿಯಲ್ಲಿ ಬಾಡಿಗೆ ಹಾಲ್ ಹಿಡಿದು, ಶಾಲೆ ಬಿಟ್ಟ ಮಕ್ಕಳಿಗಾಗಿ ಉಚಿತ ಶಾಲೆ ನಡೆಸುತ್ತಾರೆ. ವರ್ಷಕ್ಕೊಮ್ಮೆ ಹೋಗಿಬರುತ್ತಾರೆ, ಉಳಿದದ್ದೆಲ್ಲ ಫೋನಿನಲ್ಲೇ. ಅಲ್ಲಿ ಪಾಠ ಹೇಳುವವರು ಬನಶಂಕರಿ ಎಂಬ ಒಬ್ಬರೇ ಟೀಚರ್.

ಮಕ್ಕಳಿಗೆ ಓದು ಬರಹ ಕಲಿಸಿ ಜೂನ್‌ನಲ್ಲಿ ಸರ್ಕಾರಿ ಶಾಲೆಗೆ ಕಳಿಸಬೇಕು, ಅಷ್ಟೇ ಆಂಟಿಯ ಆಸೆ. ಸೇರಿಸುವುದೇನೂ ಕಷ್ಟವಲ್ಲ, ವಯಸ್ಸು ನೋಡಿ ಸೇರಿಸಿಕೊಳ್ಳುತ್ತಾರೆ. ಆದರೆ ಓದಲು ಬಾರದ ಮಗು ಅಲ್ಲಿ ಪೆಕರು ಪೆಕರಾಗಿ ಕೂತು, ಕೊನೆಗೆ ಶಾಲೆ ಬಿಟ್ಟು ಅಮ್ಮನ ಜೊತೆ ಮನೆಗೆಲಸಕ್ಕೆ ಹೊರಡುತ್ತದೆ. ಪೂರ್ವಿ ಎಂಬ ಹತ್ತು ವರ್ಷದ ಹುಡುಗಿ ಹಾಗೆ ಒಮ್ಮೆ ಬಿಟ್ಟು ಬಂದವಳು. ಈ ಸಲವೂ ಆಗದಿದ್ದರೆ ಕೆಲಸಕ್ಕೆ ಹಚ್ಚುವುದೇ ಎಂದು ಅವಳ ತಾಯಿ ಹೇಳಿಬಿಟ್ಟಿದ್ದಳು.

ಶಾಲೆಗೆ ನೆರವಾಗುವವರು ಪರ್ತ್, ಅಡಿಲೇಡ್, ಬ್ರಿಸ್ಬೇನ್‌ನ ಕನ್ನಡದ ಡಾಕ್ಟರುಗಳು, ಇಂಜಿನಿಯರುಗಳು. ಮನಸ್ಸು ಒಳ್ಳೆಯದೇ, ಇಲ್ಲ ಎನ್ನಲಾರೆ. ಇಲ್ಲೇ ಸದರ್ನ್ ರಿವರ್ ಬಡಾವಣೆಯ ಒಬ್ಬ ಡಾಕ್ಟರ್ ತಮ್ಮ ಮಗನ ಹುಟ್ಟುಹಬ್ಬವನ್ನು ಆ ಮಕ್ಕಳ ಜೊತೆ ವಿಡಿಯೊದಲ್ಲಿ ಆಚರಿಸಿದರು. ಅಲ್ಲಿಗೆ ಕೇಕ್ ತರಿಸಿಕೊಟ್ಟು, ಬೋರ್ಡಿನ ಮೇಲೆ ಮಗನ ಹೆಸರನ್ನು ಕನ್ನಡದಲ್ಲಿ ಬರೆಸಿದರು. ಆ ವಿಡಿಯೊ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿದ್ದೇ ತಡ, ಎಲ್ಲರ ಮಕ್ಕಳಿಗೂ ಅದೇ ಬೇಕಾಯಿತು. ತಮ್ಮ ಹೆಸರನ್ನು ತಾವೇ ಕನ್ನಡದಲ್ಲಿ ಓದಲಾರದ ಇಲ್ಲಿನ ಮಕ್ಕಳು! ಇಲ್ಲಿ ಅವರು ಸ್ಕೂಲಿನಿಂದ ಮನೆಗೆ ಬರುವ ಹೊತ್ತು ಅಲ್ಲಿ ಸರಿಯಾಗಿ ಪಾಠದ ಹೊತ್ತು. ಪುಸ್ತಕ ಮುಚ್ಚು, ಸಾಲಾಗಿ ನಿಲ್ಲು, ಹಾಡು, ಚಪ್ಪಾಳೆ ತಟ್ಟು, ಕೈ ಬೀಸು. ಒಂದು ಮನೆಯವರದು ಮುಗಿಯಿತೆನ್ನುವಾಗ ಇನ್ನೊಂದು ಮನೆಯವರ ಫೋನು.

“ಮೇಡಂ, ಬೆಳಗ್ಗೆ ಹೊತ್ತೆಲ್ಲ ಇದರಲ್ಲೇ ಹೋಗ್ತಿದೆ. ಕಾಗುಣಿತ ಮುಗಿಸೋಕೂ ಆಗ್ತಿಲ್ಲ,” ಎಂದು ಬನಶಂಕರಿ ಒಂದು ದಿನ ಫೋನಿನಲ್ಲಿ ಅತ್ತೇಬಿಟ್ಟರು.

ಭಾನುವಾರ ಇಟ್ಟುಕೊಳ್ಳಿ ಎಂದು ಆಂಟಿ ಎಲ್ಲರನ್ನೂ ಬೇಡಿಕೊಂಡರು. ಯಾರು ಕೇಳುತ್ತಾರೆ? ಭಾನುವಾರ ಇವರಿಗೆ ಬಾರ್ಬೆಕ್ಯೂ, ಬೀಚು. ಬ್ರಿಸ್ಬೇನಿನ ಉತ್ತಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತನ್ನ ಮಗಳು ಜ್ಯೋತ್ಸ್ನಾಳ ಹೆಸರನ್ನು ಮಕ್ಕಳ ಕೈಯಲ್ಲೇ ಬರೆಸಬೇಕು ಎಂದು ಹಟ ಹಿಡಿದ. ಬನಶಂಕರಿ ಒಂದು ವಾರ ಪೂರ್ವಿಯ ಕೈ ಹಿಡಿದು ತಿದ್ದಿಸಿದರು. ವಿಡಿಯೊ ಚೆನ್ನಾಗಿ ಬಂತು, ಎಲ್ಲರೂ ಮೆಚ್ಚಿದರು. ಅದಾದ ಕೂಡಲೇ ಅವನ ಫೋನು ಮತ್ತೆ ಬಂತು.

“ಆಂಟಿ, ಬುಧವಾರ ನಮ್ಮ ವೆಡ್ಡಿಂಗ್ ಆ್ಯನಿವರ್ಸರಿ. ಅದನ್ನೂ ಅವ್ರ ಜೊತೆ ಮಾಡ್ಬಿಡೋಣ. ಐದೇ ನಿಮಿಷ.”

ಆಂಟಿಗೆ ರೇಗಿಹೋಯಿತು. “ನಿನ್ನ ಮಗಳ ಕ್ಲಾಸಿಗೆ ನಾನು ಕೇಕ್ ಹಿಡ್ಕೊಂಡು ನುಗ್ಗಿದ್ರೆ ಟೀಚರ್ ಬಿಡ್ತಾರೇನಪ್ಪ? ಸ್ಲಮ್ಮಿನ ಮಕ್ಕಳು ಅಂತ ತಾನೇ ನಿಮಗಿಷ್ಟು ಸದರ?”

“ಒಳ್ಳೇದು ಮಾಡೋಕೆ ಬಂದ್ರೆ ಹೀಗಾ ಮಾತಾಡೋದು ಆಂಟಿ?” ಎಂದವನು ಅವತ್ತೇ ಗ್ರೂಪ್ ಬಿಟ್ಟ. ಇನ್ನು ಶಾಲೆಯಲ್ಲಿ ಯಾರ ಹುಟ್ಟುಹಬ್ಬವೂ ಇಲ್ಲ ಎಂದು ಆಂಟಿ ಗ್ರೂಪಿನಲ್ಲಿ ಹಾಕಿದ ಮೇಲೆ ಅವನ ಹಿಂದೆ ಬೇರೆಯವರೂ ಹೋದರು. ಹೋಗುವವರು ಹೋಗಲಿ, ಪಾಠವಾದರೂ ನಡೆಯುತ್ತದಲ್ಲ ಎಂದು ಆಂಟಿ ಸಮಾಧಾನ ತಂದುಕೊಂಡರು. ನನಗೂ ಹಾಗೇ ಅನ್ನಿಸಿತು.

ಅಷ್ಟರಲ್ಲಿ ಮಾರ್ಚ್ ಬಂದಿತ್ತು. ಮಕ್ಕಳು ಎಷ್ಟು ಕಲಿತಿದ್ದಾರೆ ನೋಡೋಣವೆಂದು ಆಂಟಿ ವಿಡಿಯೊ ಕಾಲ್ ಮಾಡಿದಾಗ ನಾನೂ ಪಕ್ಕದಲ್ಲಿದ್ದೆ. “ಪೂರ್ವಿ, ನಿಂಗೆ ಬರೋದು ಏನಾದ್ರೂ ಬರಿ ಪುಟ್ಟಿ,” ಎಂದರು.

ಹುಡುಗಿ ಬೋರ್ಡಿನ ಮೇಲೆ ‘ಜ್ಯೋತ್ಸ್ನಾ’ ಎಂದು ಬರೆದಳು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಆಂಟಿಯ ಮುಖ ಅರಳಿತು. “ಭೇಷ್! ಇದರಲ್ಲಿ ಮೊದಲನೇ ಅಕ್ಷರ ಯಾವುದು?”

ಪೂರ್ವಿ ಸೀಮೆಸುಣ್ಣ ಹಿಡಿದುಕೊಂಡೇ ಟೀಚರ್ ಮುಖ ನೋಡಿದಳು. ಅವಳು ಕಲಿತದ್ದು ಆ ಹೆಸರನ್ನು ಚಿತ್ರದಂತೆ ಬಿಡಿಸುವುದನ್ನು, ಅಕ್ಷರವನ್ನಲ್ಲ. ಬನಶಂಕರಿ ಅದನ್ನು ಅಳಿಸಿ, ಅದೇ ಜಾಗದಲ್ಲಿ ‘ಪೂರ್ವಿ’ ಎಂದು ಬರೆದರು.

“ಇದೇನು ಹೇಳು ಪುಟ್ಟಿ,” ಎಂದರು ಆಂಟಿ.

ಹುಡುಗಿ ಬೋರ್ಡನ್ನು ನೋಡಿದಳು. ಆಮೇಲೆ ನಗುತ್ತಾ ಫೋನಿನ ಕಡೆ ತಿರುಗಿ, ಚಪ್ಪಾಳೆ ತಟ್ಟಲು ಕೈಗಳನ್ನು ಎತ್ತಿ ಹಿಡಿದು ಕೇಳಿದಳು.

“ಗೊತ್ತಿಲ್ಲ ಅಜ್ಜಿ. ಇವತ್ತು ಯಾರ ಬರ್ತ್‌ಡೇ?”